4.59 ಸೆಕೆಂಡಿನ ಸೇಫ್ಟಿ

2022ರ ಮಾರ್ಚ್ ತಿಂಗಳು. ಅಮೆರಿಕನ್ ಫುಟ್‌ಬಾಲ್ ಲೀಗಿಗೆ ಬರಲಿರುವ ಕಾಲೇಜು ಆಟಗಾರರನ್ನು ಪರೀಕ್ಷಿಸುವ ಶಿಬಿರ. ಇಂಡಿಯಾನಾಪೊಲಿಸ್ ಕ್ರೀಡಾಂಗಣದಲ್ಲಿ ಸೇಫ್ಟಿ ಸ್ಥಾನದ ಕೈಲ್ ಹ್ಯಾಮಿಲ್ಟನ್ 40 ಗಜ ಓಡಿದರು. ಬಂದ ಸಮಯ 4.59 ಸೆಕೆಂಡು. ನೋಟ್ರ ಡೇಮ್ ವಿಶ್ವವಿದ್ಯಾಲಯದ ಈ ಹುಡುಗ ಆ ವರ್ಷದ ಆಯ್ಕೆಯಲ್ಲಿ, ಅಂದರೆ ಡ್ರಾಫ್ಟ್‌ನಲ್ಲಿ, ಮೊದಲ ಐದರೊಳಗೆ ಹೋಗ್ತಾರೆ ಅಂತ ಅಲ್ಲಿಯವರೆಗೆ ಬಹಳ ಜನ ಬರೆದಿದ್ದರು. ಆಮೇಲೆ ಅದೇ ಜನ ಗಡಿಯಾರ ನೋಡಿ ಗೊಣಗಿದರು. ಕೊನೆಗೆ ಅವರು 14ನೆಯವರಾಗಿ ಬಾಲ್ಟಿಮೋರ್ ರೇವನ್ಸ್ ತಂಡಕ್ಕೆ ಸಿಕ್ಕರು. ಮರು ವರ್ಷವೇ ಇಡೀ ಲೀಗಿನ ಅತ್ಯುತ್ತಮ ಆಟಗಾರರ ಮೊದಲ ಪಟ್ಟಿಯಲ್ಲಿ ಅವರ ಹೆಸರಿತ್ತು.

ಹಾಗಾದರೆ ಗಡಿಯಾರ ಸುಳ್ಳು ಹೇಳಿತಾ? ಇಲ್ಲ. ಅದು ತನ್ನ ಕೆಲಸ ಮಾಡಿತು. ಆದರೆ ಅದು ಅಳೆದದ್ದೇ ಬೇರೆ, ಸೇಫ್ಟಿ ಮೈದಾನದಲ್ಲಿ ಮಾಡುವ ಕೆಲಸವೇ ಬೇರೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡದ ಕ್ವಾರ್ಟರ್‌ಬ್ಯಾಕ್ ಅದನ್ನು ಎಸೀತಾನೆ, ಇಲ್ಲವೇ ಇನ್ನೊಬ್ಬನ ಕೈಗೆ ಕೊಟ್ಟು ಓಡಿಸ್ತಾನೆ. ತಡೆಯುವ ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನೇ ಸೇಫ್ಟಿ. ಹೆಚ್ಚಿನ ತಂಡಗಳು ಇಬ್ಬರನ್ನು ನಿಲ್ಲಿಸುತ್ತವೆ. ಮುಂದಿನವರೆಲ್ಲ ಸೋತರೆ ಉಳಿಯುವವನು ಅವನೊಬ್ಬನೇ. ಅವನೂ ತಪ್ಪಿದರೆ ಎದುರಾಳಿಗೆ ಆರು ಅಂಕ, ಅಷ್ಟೇ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿ ವಸಂತದಲ್ಲಿ ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಹಿಂದಿನ ವರ್ಷ ಜಾಸ್ತಿ ಸೋತ ತಂಡಕ್ಕೆ ಮೊದಲ ಸರದಿ. ಆ ಸರದಿಗಳನ್ನು ತಂಡಗಳು ಅದಲುಬದಲು ಮಾಡಿಕೊಳ್ಳಲೂಬಹುದು, ಆ ಕಥೆ ಇಲ್ಲಿ ಬೇಡ.

ಈಗ 40 ಗಜದ ಓಟಕ್ಕೆ ಬರೋಣ. ಅಂದರೆ 36.6 ಮೀಟರ್. ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಪಿಸ್ತೂಲಿನ ಸದ್ದಿನಿಂದಲೇ ಗಡಿಯಾರ ಶುರುವಾಗುತ್ತದೆ. ಸದ್ದು ಕೇಳಿ ಮೈ ಕದಲುವಷ್ಟು ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಪಿಸ್ತೂಲೂ ಇಲ್ಲ, ಸೀಟಿಯೂ ಇಲ್ಲ. ಓಡುವವನು ತನಗೆ ಬೇಕಾದಾಗ ಹೊರಡ್ತಾನೆ. ಅವನ ಮೈ ಅಲುಗಿದ್ದನ್ನು ಕಂಡ ಮೇಲೆ ಒಬ್ಬರು ಗುಂಡಿ ಒತ್ತುತ್ತಾರೆ. ಕೊನೆಯ ಗೆರೆಯಲ್ಲಿ ಮಾತ್ರ ಎಲೆಕ್ಟ್ರಾನಿಕ್ ಕಣ್ಣು. ಕಾಲೇಜುಗಳು ತಮ್ಮಲ್ಲೇ ನಡೆಸುವ ಪರೀಕ್ಷೆಯಲ್ಲಿ ಸ್ಕೌಟ್‌ಗಳು, ಅಂದರೆ ತಂಡಗಳ ಪರವಾಗಿ ಆಟಗಾರರನ್ನು ಅಳೆದು ನೋಡುವವರು, ಎರಡೂ ತುದಿಯನ್ನು ಕೈಯಲ್ಲೇ ಅಳೆಯುತ್ತಾರೆ. ಒಂದೇ ಓಟಕ್ಕೆ ಪಕ್ಕಪಕ್ಕದಲ್ಲಿ ನಿಂತ ಇಬ್ಬರ ಗಡಿಯಾರದಲ್ಲಿ ಎರಡು ಸಮಯ ಬರುವುದು ಮಾಮೂಲು.

ಅಂದರೆ ಏನನ್ನೋ ನೋಡಿ, ಅರ್ಥ ಮಾಡಿಕೊಂಡು, ಕಾಲು ಎತ್ತುವ ಆ ಹೊತ್ತು ಈ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಸೇಫ್ಟಿಯ ಸಂಬಳ ಬರುವುದೇ ಆ ಹೊತ್ತಿಗೆ.

ಒಂದು ಎಸೆತವನ್ನು ಲೆಕ್ಕ ಹಾಕಿ ನೋಡೋಣ. ಮೈದಾನದ ಅಗಲ 160 ಅಡಿ, ಅಂದರೆ 48.8 ಮೀಟರ್. ಸೇಫ್ಟಿ ಸರಿಯಾಗಿ ನಡುವೆ ನಿಂತಿದ್ದಾನೆ ಅಂದುಕೊಳ್ಳಿ. ಯಾವ ಬದಿಯ ಗೆರೆಯಾದರೂ ಅವನಿಂದ 24 ಮೀಟರ್ ದೂರ. ಗೆರೆಯಿಂದ ನಾಲ್ಕು ಮೀಟರ್ ಒಳಗೆ ಚೆಂಡು ಬೀಳುತ್ತದೆ ಅಂದರೂ ಅವನು 20 ಮೀಟರ್ ಓಡಬೇಕು. ಗಾಳಿಯಲ್ಲಿ 40 ಗಜ ಹೋಗುವ ಎಸೆತಕ್ಕೆ ಸುಮಾರು ಎರಡೂವರೆ ಸೆಕೆಂಡು ಹಿಡಿಯುತ್ತದೆ, ಎತ್ತರಕ್ಕೆ ಎಸೆದರೆ ಇನ್ನೂ ಸ್ವಲ್ಪ ಜಾಸ್ತಿ. 40 ಗಜವನ್ನು 4.40 ಸೆಕೆಂಡಿನಲ್ಲಿ ಮುಗಿಸುವ ಚಿರತೆಯಂಥವನೂ ನಿಂತಲ್ಲಿಂದ ಹೊರಟರೆ ಅಷ್ಟು ಹೊತ್ತಿನಲ್ಲಿ 18 ಮೀಟರ್ ಆಸುಪಾಸು ಹೋಗಬಲ್ಲ. ಇನ್ನೂ ಎರಡು ಮೀಟರ್ ಬಾಕಿ.

ಅಲ್ಲಿಗೆ ಒಂದು ವಿಷಯ ಸ್ಪಷ್ಟ. ಚೆಂಡು ಕೈಬಿಟ್ಟ ಮೇಲೆ ಹೊರಡುವವನು ಎಷ್ಟೇ ವೇಗಿಯಾದರೂ ತಲುಪುವುದಿಲ್ಲ. ಮೊದಲೇ ಹೊರಡಬೇಕು. ಎಷ್ಟು ಮೊದಲೇ? ಆ ಓಟದ ಕೊನೆಯಲ್ಲಿ ಅವನ ವೇಗ ಸೆಕೆಂಡಿಗೆ 8ರಿಂದ 9 ಮೀಟರ್ ಇರುತ್ತದೆ. ಕಾಲು ಸೆಕೆಂಡು ಮುಂಚೆ ಹೊರಟರೆ ಎರಡು ಮೀಟರ್ ಸಿಕ್ಕಿತು. ಇನ್ನು 4.40ರ ಓಟಗಾರನಿಗೂ 4.59ರವನಿಗೂ ಮೊದಲ 20 ಗಜದಲ್ಲಿ ಬೀಳುವ ಅಂತರ ಹೆಚ್ಚುಕಡಿಮೆ ಮುಕ್ಕಾಲು ಮೀಟರ್, ಅಷ್ಟೇ. ಹ್ಯಾಮಿಲ್ಟನ್ 6 ಅಡಿ 4 ಅಂಗುಲ ಎತ್ತರ. ಕೈಯ ಉದ್ದವೇ 33 ಅಂಗುಲ. ಆ ಮುಕ್ಕಾಲು ಮೀಟರಿನಲ್ಲಿ ಒಂದಷ್ಟನ್ನು ಕೈ ಚಾಚಿಯೇ ತೀರಿಸಬಹುದು. ಇದನ್ನೆಲ್ಲ ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಬಿಡಿಸಬಹುದು. ಕೋಟಿಗಟ್ಟಲೆ ಡಾಲರ್ ಸುರಿಯುವ ತಂಡಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಆದರೆ ಪಟ್ಟಿಯಲ್ಲಿ ಎರಡು ಹೆಸರು ಸಮ ಇದ್ದಾಗ ಕಣ್ಣು ಹೋಗುವುದು ದಶಮಾಂಶದ ಕಡೆಗೇ.

ಮೊದಲೇ ಹೊರಡುವುದು ಅಂದರೆ ಊಹೆ ಅಲ್ವಾ? ಪೂರ್ತಿ ಅಲ್ಲ. ಕ್ರೀಡಾ ಮನಶ್ಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಪ್ರಯೋಗ ಇದೆ. ಬ್ಯಾಡ್ಮಿಂಟನ್, ಟೆನಿಸ್, ಕ್ರಿಕೆಟ್ ಎಲ್ಲದರಲ್ಲೂ ಮಾಡಿದ್ದಾರೆ. ಎದುರಾಳಿಯ ವಿಡಿಯೋ ತೋರಿಸುತ್ತಾರೆ. ರ‍್ಯಾಕೆಟ್ ಶಟಲ್‌ಗೆ ತಾಗುವ ಮುಂಚೆಯೇ ಪರದೆ ಕಪ್ಪಾಗುತ್ತದೆ. ಎಲ್ಲಿ ಬೀಳುತ್ತದೆ ಹೇಳಿ ಅಂತ ಕೇಳುತ್ತಾರೆ. ಹೊಸಬರು ಕತ್ತಲಲ್ಲಿ ಗುಂಡು ಹೊಡೆದಂತೆ ಊಹಿಸುತ್ತಾರೆ. ಪಳಗಿದವರು ಭುಜ, ಸೊಂಟ, ತೋಳಿನ ತಿರುವು ನೋಡಿಯೇ ಹೆಚ್ಚು ಸಲ ಸರಿ ಹೇಳುತ್ತಾರೆ. ಇದೇ ಜನರ ಕಣ್ಣಿನ ಬೆಳಕು, ಬರೀ ಬೆರಳಿನ ಚುರುಕು ಪರೀಕ್ಷಿಸಿದರೆ ಅಂಥಾ ವ್ಯತ್ಯಾಸ ಕಾಣುವುದಿಲ್ಲ. ಕವರ್ಸ್‌ನಲ್ಲಿ ನಿಂತ ಒಳ್ಳೆ ಫೀಲ್ಡರ್ ಬ್ಯಾಟು ಬೀಸುವಾಗಲೇ ಒಂದು ಹೆಜ್ಜೆ ಹಾಕಿರುತ್ತಾನಲ್ಲ, ಅದೇ ವಿದ್ಯೆ ಇದು. ಒಂದೇ ತೊಡಕು: ಕ್ವಾರ್ಟರ್‌ಬ್ಯಾಕ್‌ಗೂ ಈ ವಿಷಯ ಗೊತ್ತು. ಬೇಕಂತಲೇ ಎಡಕ್ಕೆ ನೋಡ್ತಾ ಬಲಕ್ಕೆ ಎಸೀತಾನೆ. ಕಣ್ಣು ನಂಬಿ ಓಡಿದ ಸೇಫ್ಟಿ ತಪ್ಪು ದಾರಿಯಲ್ಲಿ ಇನ್ನೂ ವೇಗವಾಗಿ ಹೋಗಿರ್ತಾನೆ.

ಇದನ್ನು ನೋಡಬೇಕಾದರೆ ಟೀವಿ ಸಾಲದು. ಒಂದೊಂದು ಆಟ, ಅಂದರೆ ಒಂದು ಎಸೆತ ಇಲ್ಲವೇ ಓಟ, ಶುರುವಾಗುವ ಹೊತ್ತಿಗೆ ಸೇಫ್ಟಿ ಟೀವಿ ಚೌಕಟ್ಟಿನ ಹೊರಗೇ ಇರ್ತಾನೆ. ಅದಕ್ಕೇ ಸ್ಕೌಟ್‌ಗಳು ಎತ್ತರದಿಂದ 22 ಜನರನ್ನೂ ಒಟ್ಟಿಗೆ ತೋರಿಸುವ ತರಬೇತುದಾರರ ಚಿತ್ರೀಕರಣ ಹಾಕಿಕೊಂಡು ಕೂರುತ್ತಾರೆ. ಒಂದು ಆಟವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸುತ್ತಾರೆ. ಚೆಂಡು ಹೊರಟಾಗ ಮೊದಲ ಎರಡು ಹೆಜ್ಜೆ ಎತ್ತ? ಹಿಂದಕ್ಕೆ ಸರಿಯುತ್ತಿದ್ದವನು ತಿರುಗಿ ಓಡುವಾಗ ಸೊಂಟ ಸಲೀಸಾಗಿ ಹೊರಳಿತಾ, ಇಲ್ಲಾ ಒಂದು ಹೆಜ್ಜೆ ದಂಡವಾಯಿತಾ? ಎಸೆಯುವವನ ಕೈ ಮೇಲೇಳುವ ಮುಂಚೆ ಹೊರಟನಾ, ಆಮೇಲೆ ಹೊರಟನಾ?

2021ರ ಸೆಪ್ಟೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್ ವಿರುದ್ಧ ಹ್ಯಾಮಿಲ್ಟನ್ ಆಡಿದ ಪಂದ್ಯವನ್ನು ಇದಕ್ಕೇ ಜನ ಮತ್ತೆ ಮತ್ತೆ ನೋಡಿದ್ದು. ಅಂದು ಅವರು ಎದುರಾಳಿಯ ಎಸೆತವನ್ನು ಎರಡು ಸಲ ಕಸಿದರು. ಅದರಲ್ಲೊಂದು ಸಲ ಮೈದಾನದ ಆ ಅರ್ಧದಿಂದ ಹೊರಟು ಈ ಬದಿಯ ಗೆರೆಯ ಹತ್ತಿರ ಚೆಂಡಿಗೆ ಕೈಹಾಕಿದರು. ಮೇಲಿನ ಲೆಕ್ಕದ ಪ್ರಕಾರ ಆಗಬಾರದ ಕೆಲಸ. ಚೆಂಡು ಗಾಳಿಯಲ್ಲಿದ್ದ ಹೊತ್ತಿನಲ್ಲೇ ಅಷ್ಟೂ ದೂರ ಓಡಿದ್ದರೆ ಅದು 4.59ರ ಕಾಲಿನ ಓಟವಲ್ಲ, ಮನುಷ್ಯರ ಓಟವೂ ಅಲ್ಲ. ಮುಂಚೆಯೇ ಹೊರಟಿದ್ದರು, ಬೇರೆ ದಾರಿಯೇ ಇಲ್ಲ.

ಹಾಗಂತ ಕಾಲೇಜಿನಲ್ಲಿ ನಡೆದದ್ದು ಮೇಲಿನ ಮಟ್ಟದಲ್ಲೂ ನಡೆಯುತ್ತದೆ ಅನ್ನೋ ಹಾಗಿಲ್ಲ. ಹೊರಗಿನವರ ಗಮನಕ್ಕೆ ಬಾರದ ಒಂದು ವ್ಯತ್ಯಾಸ ಮೈದಾನದಲ್ಲೇ ಇದೆ. ಪ್ರತಿ ಆಟವೂ ಎರಡು ಸಾಲು ಗುರುತುಗಳ ನಡುವಿನಿಂದಲೇ ಶುರುವಾಗಬೇಕು. ಕಾಲೇಜಿನಲ್ಲಿ ಆ ಸಾಲುಗಳ ಅಂತರ 40 ಅಡಿ. ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಕಾಲೇಜಿನಲ್ಲಿ ಚೆಂಡು ಎಡಸಾಲಿನಲ್ಲಿದ್ದರೆ ಎಡಗಡೆ 60 ಅಡಿ, ಬಲಗಡೆ 100 ಅಡಿ. ಜಾಗ ಎತ್ತ ಜಾಸ್ತಿ ಅನ್ನೋದು ಆಟ ಶುರುವಾಗುವ ಮುಂಚೆಯೇ ಗೊತ್ತು. ಸೇಫ್ಟಿ ಆ ಕಡೆ ಸ್ವಲ್ಪ ವಾಲಿ ನಿಲ್ಲಬಹುದು. ಎನ್‌ಎಫ್‌ಎಲ್‌ನಲ್ಲಿ ಅದೇ ಲೆಕ್ಕ ಸುಮಾರು 71 ಅಡಿ, 89 ಅಡಿ. ಎರಡೂ ಕಡೆ ಹೆಚ್ಚುಕಡಿಮೆ ಸಮ. ಮೈದಾನವೇ ಕೊಡುತ್ತಿದ್ದ ಸುಳಿವು ಇಲ್ಲಿ ಕಡಿಮೆಯಾಯಿತು. ನನ್ನ ಪ್ರಕಾರ ಕಾಲೇಜು ಸೇಫ್ಟಿಯ ಚಿತ್ರೀಕರಣ ನೋಡುವಾಗ ಚೆಂಡು ನಡುಮೈದಾನದಿಂದ ಹೊರಟ ಆಟಗಳನ್ನು ಬೇರೆಯಾಗಿ ತೆಗೆದಿಟ್ಟು ನೋಡಬೇಕು. ಅವನ ಮುಂದಿನ ದಿನಗಳಿಗೆ ಹತ್ತಿರದ ಚಿತ್ರ ಅದೇ.

ಇನ್ನು ಅಂಕಿಅಂಶ. ಇಲ್ಲಿ ಜನ ಸುಲಭವಾಗಿ ಮೋಸ ಹೋಗ್ತಾರೆ. ಒಬ್ಬ ಸೇಫ್ಟಿ ಒಂದು ಋತುವಿನಲ್ಲಿ 60 ಸಲ ಓಡುವವನನ್ನು ಕೆಡವಲು, ಅಂದರೆ ಟ್ಯಾಕಲ್ ಮಾಡಲು, ನೋಡಿದ ಅನ್ನಿ. ಅವನ ನಿಜವಾದ ಸಾಮರ್ಥ್ಯ ಹತ್ತಕ್ಕೆ ಒಂದು ತಪ್ಪುವಷ್ಟು. ಸರಾಸರಿ 6 ಟ್ಯಾಕಲ್ ತಪ್ಪಬೇಕು. ಆದರೆ ಸುಮ್ನೆ ಅದೃಷ್ಟದ ಏರಿಳಿತದಿಂದಲೇ ಅದು 2 ಆಗಬಹುದು, 10 ಆಗಬಹುದು. 2 ಬಂದ ವರ್ಷ ಅವನು ಬಂಡೆ, 10 ಬಂದ ವರ್ಷ ಸೋರುವ ಕೊಡ. ಮನುಷ್ಯ ಅವನೇ. ಇಂಟರ್‌ಸೆಪ್ಷನ್ ಅಂತೂ ಇನ್ನೂ ಕಷ್ಟ. ವರ್ಷಕ್ಕೆ ಸರಾಸರಿ 3 ಚೆಂಡು ಕಸಿಯುವವನಿಗೆ ಐದು ವರ್ಷಕ್ಕೊಮ್ಮೆ 1 ಸಿಗಬಹುದು, ಇಲ್ಲವೇ ಒಂದೂ ಸಿಗದಿರಬಹುದು. ಹನ್ನೆರಡು ವರ್ಷಕ್ಕೊಮ್ಮೆ 6 ಅಥವಾ ಅದಕ್ಕಿಂತ ಜಾಸ್ತಿ. ಕಾಲೇಜಿನಲ್ಲಿ ಅವನು ಆಡುವುದೇ ಮೂರು ನಾಲ್ಕು ವರ್ಷ. ಹ್ಯಾಮಿಲ್ಟನ್ ಕೊನೆಯ ವರ್ಷ ಮೊಣಕಾಲು ಪೆಟ್ಟಾಗಿ ಏಳೇ ಪಂದ್ಯ ಆಡಿದ್ದು.

ಟ್ಯಾಕಲ್ ವಿಷಯದಲ್ಲಿ ಎಣಿಕೆಗಿಂತ ಕೋನ ನೋಡುವುದು ವಾಸಿ. ಓಡುವವನು ಈಗ ಇರುವ ಜಾಗಕ್ಕೆ ಗುರಿ ಇಟ್ಟರೆ ಅವನ ಬೆನ್ನು ಮಾತ್ರ ಕಾಣುತ್ತದೆ. ಅವನು ಮುಂದೆ ಇರಲಿರುವ ಜಾಗಕ್ಕೆ ಓಡಬೇಕು. ಓಡುವಾಗ ಅವನು ಕಾಣುವ ದಿಕ್ಕು ಬದಲಾಗದೆ, ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಇಬ್ಬರೂ ಡಿಕ್ಕಿಯಾಗುವುದು ಖಂಡಿತ. ನೊಣ ಹಿಡಿಯುವ ಏರೋಪ್ಲೇನ್ ಚಿಟ್ಟೆ ಮಾಡುವುದೂ ಇದನ್ನೇ. ತಪ್ಪು ಕೋನ ಹಿಡಿದ ಸೇಫ್ಟಿ ಓಡುವವನನ್ನು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಎಷ್ಟೋ ಸಲ ಅದು ತಪ್ಪಿದ ಟ್ಯಾಕಲ್ ಅಂತ ದಾಖಲೂ ಆಗುವುದಿಲ್ಲ! ಕೈ ಹಾಕಿ ಜಾರಿಸಿಕೊಂಡವನಿಗೆ ಕೆಟ್ಟ ಹೆಸರು, ಹತ್ತಿರವೇ ಬಾರದವನಿಗೆ ಶುದ್ಧ ದಾಖಲೆ.

ಬುದ್ಧಿ ಅಳೆಯುವ ಪ್ರಯತ್ನಗಳೂ ನಡೆದಿವೆ. 12 ನಿಮಿಷದಲ್ಲಿ 50 ಪ್ರಶ್ನೆಯ ವಂಡರ್ಲಿಕ್ ಪರೀಕ್ಷೆಯನ್ನು ಇಂಡಿಯಾನಾಪೊಲಿಸ್‌ನಲ್ಲಿ ವರ್ಷಗಟ್ಟಲೆ ಮಾಡಿ 2022ರಲ್ಲಿ ಕೈಬಿಟ್ಟರು. ಪರದೆ ಮುಂದೆ ಕೂರಿಸಿ ಗ್ರಹಿಕೆಯ ವೇಗ ನೋಡುವ ಪರೀಕ್ಷೆಗಳು ಈಗ ಬಂದಿವೆ. ಕಾಗದದ ಲೆಕ್ಕಕ್ಕಿಂತ ಇವು ಆಟಕ್ಕೆ ಹತ್ತಿರ, ನಿಜ. ಆದರೆ 2023ರಲ್ಲಿ ಅಂಥದ್ದೇ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬಂತು ಅಂತ ಸುದ್ದಿಯಾದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಆ ವರ್ಷವೇ ಹೊಸಬರ ಪ್ರಶಸ್ತಿ ಗೆದ್ದರು.

ಒಟ್ಟಾರೆ ತಂಡಗಳ ಆಯ್ಕೆ ಎಷ್ಟು ಸರಿ? ಕೇಡ್ ಮ್ಯಾಸಿ ಮತ್ತು ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನೇ ಕೇಳಿದರು. ಒಂದೇ ಸ್ಥಾನದಲ್ಲಿ ಆಡುವ, ಡ್ರಾಫ್ಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದ ಇಬ್ಬರನ್ನು ಹೋಲಿಸಿದರು. ಮೊದಲು ಆಯ್ಕೆಯಾದವನೇ ಮುಂದೆ ಉತ್ತಮನಾದದ್ದು ನೂರಕ್ಕೆ 52 ಸಲ. ನಾಣ್ಯ ಚಿಮ್ಮಿದರೆ 50. 2010ರಲ್ಲಿ ಸಿಯಾಟಲ್ ತಂಡ ಅರ್ಲ್ ಥಾಮಸ್ ಅವರನ್ನು 14ನೆಯವರಾಗಿ, ಕ್ಯಾಮ್ ಚಾನ್ಸೆಲರ್ ಅವರನ್ನು 133ನೆಯವರಾಗಿ ಆರಿಸಿತು. ಮೊದಲಿನವರು ಕುಳ್ಳ, ಮಿಂಚು. ಎರಡನೆಯವರು ಆಜಾನುಬಾಹು, ಓಟ ಸಾಧಾರಣ. ನಾಲ್ಕು ಋತುಗಳೊಳಗೆ ಈ ಜೋಡಿ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಡೆನ್ವರ್ ತಂಡವನ್ನು 43-8ರಲ್ಲಿ ಮಣಿಸಿದ ಪಡೆಯ ಹಿಂದಿನ ಸಾಲಾಗಿತ್ತು. ಒಬ್ಬರಿಗೆ ದೂರದ ಆಕಾಶ, ಇನ್ನೊಬ್ಬರಿಗೆ ಹತ್ತಿರದ ನೆಲ. ಅದಲುಬದಲು ಮಾಡಿದ್ದರೆ ಇಬ್ಬರನ್ನೂ ಜನ ಬೈಯುತ್ತಿದ್ದರೇನೋ.

ಹ್ಯಾಮಿಲ್ಟನ್ ಕಥೆಯಲ್ಲೂ ಈ ಎಳೆ ಇದೆ. ಅವರ ಮೊದಲ ವರ್ಷದ ಸೆಪ್ಟೆಂಬರ್‌ನಲ್ಲಿ ಮಯಾಮಿ ವಿರುದ್ಧ ಬಾಲ್ಟಿಮೋರ್ 35-14ರ ಮುನ್ನಡೆ ಕಳೆದುಕೊಂಡು ಸೋತಿತು. ಅಂದು ಹಿಂದಿನ ಸಾಲಿನಲ್ಲಿ ಯಾರು ಯಾರನ್ನು ಕಾಯಬೇಕು ಅನ್ನೋದೇ ಗೊಂದಲವಾಗಿತ್ತು. ಆಮೇಲೆ ತಂಡ ಅವರನ್ನು ಮುಂದಕ್ಕೆ, ಚೆಂಡಿನ ಹತ್ತಿರಕ್ಕೆ ತಂದು ಆಡಿಸಿತು. 2023ರಲ್ಲಿ ಒಂದೇ ಪಂದ್ಯದಲ್ಲಿ ಮೂರು ಸಲ ಕ್ವಾರ್ಟರ್‌ಬ್ಯಾಕ್‌ನನ್ನೇ ಕೆಡವಿದರು. 2025ರಲ್ಲಿ ನಾಲ್ಕು ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಒಪ್ಪಂದ. ಹಾಗಾಗಿ ಗಡಿಯಾರ ನೋಡಿ ಹೆದರಿದವರು ಪೂರ್ತಿ ಮೂರ್ಖರು ಅನ್ನಲಾರೆ. ‘ಇವನು ಒಬ್ಬನೇ ಹಿಂದೆ ನಿಂತು ಇಡೀ ಮೈದಾನ ಕಾಯಬಲ್ಲನೇ’ ಅನ್ನೋದು ಅವರ ಅನುಮಾನ. ಬಾಲ್ಟಿಮೋರ್ ಅವರಿಗೆ ಆ ಕೆಲಸವನ್ನೇ ಮುಖ್ಯವಾಗಿ ಕೊಡಲಿಲ್ಲ.

ಹ್ಯಾಮಿಲ್ಟನ್ ಆಯ್ಕೆಯಾದ ಮರುವರ್ಷ, 2023ರ ಡ್ರಾಫ್ಟ್‌ನಲ್ಲಿ, ಅದೇ ನಾಟಕ ಮತ್ತೆ ನಡೆಯಿತು. ಅಲಬಾಮಾದ ಬ್ರಯಾನ್ ಬ್ರಾಂಚ್ ಟ್ಯಾಕಲ್ ತಪ್ಪಿಸಿದ್ದೇ ಅಪರೂಪ, ಕೋನ ಹಿಡಿಯುವುದರಲ್ಲಿ ಪಕ್ಕಾ. 40 ಗಜದ ಸಮಯ 4.58. ಮೊದಲ ಸುತ್ತಿನಲ್ಲಿ ಯಾರೂ ಮುಟ್ಟಲಿಲ್ಲ, 45ನೆಯವರಾಗಿ ಡೆಟ್ರಾಯ್ಟ್‌ಗೆ ಹೋದರು. ತಮ್ಮ ಮೊದಲ ಎನ್‌ಎಫ್‌ಎಲ್ ಪಂದ್ಯದಲ್ಲೇ ಕಾನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ಹಿಡಿದು 50 ಗಜ ಓಡಿ ಅಂಕ ತಂದರು. ಡೆಟ್ರಾಯ್ಟ್ ಗೆದ್ದದ್ದು 21-20ರಲ್ಲಿ. ಅಂದಹಾಗೆ ಆ ಚೆಂಡು ಮೊದಲು ಕಾನ್ಸಾಸ್ ಸಿಟಿ ಆಟಗಾರನ ಕೈಗೇ ಬಂದಿತ್ತು. ಅಲ್ಲಿಂದ ಪುಟಿದು ಬ್ರಾಂಚ್ ಎದೆಮಟ್ಟಕ್ಕೆ ಬಂತು. ಲೆಕ್ಕದ ಪುಸ್ತಕದಲ್ಲಿ ಅದೂ ಒಂದು ಇಂಟರ್‌ಸೆಪ್ಷನ್ನೇ.