ಚಿನ್ನದ ಮೂರ್ತಿ ಮತ್ತು ಕರಕಲು ಕಾಳು

1981ರಲ್ಲಿ ಬಂದ ಮೊದಲ ಇಂಡಿಯಾನಾ ಜೋನ್ಸ್ ಸಿನಿಮಾದ ಆರಂಭ ನೆನಪಿದೆಯಾ? ಕಾಡಿನ ನಡುವೆ ಹಳೇ ಗುಡಿ, ಪೀಠದ ಮೇಲೆ ಚಿನ್ನದ ಮೂರ್ತಿ. ಪುರಾತತ್ವಜ್ಞನಾದ ಹೀರೋ ಮರಳಿನ ಚೀಲ ಇಟ್ಟು ಮೂರ್ತಿ ಎತ್ತಿಕೊಳ್ಳುತ್ತಾನೆ. ಪೀಠ ಕುಸಿಯುತ್ತದೆ, ಬಾಣಗಳು ಹಾರುತ್ತವೆ, ದೊಡ್ಡ ಬಂಡೆ ಉರುಳಿಕೊಂಡು ಬರುತ್ತದೆ. ಅವನು ಓಡುತ್ತಾನೆ. ಎಲ್ಲರೂ ಬಂಡೆ ನೋಡುತ್ತಿದ್ದರೆ ನನಗೆ ಹೊಟ್ಟೆ ಉರಿಯುವುದು ಆ ಪೀಠ ನೋಡಿ. ಅಷ್ಟು ಹಳೇ ಗುಡಿಯಲ್ಲಿ ಒಂದು ಚೀಲದ ತೂಕದ ವ್ಯತ್ಯಾಸ ಹಿಡಿಯುವ ಏರ್ಪಾಡು ಇನ್ನೂ ಕೆಲಸ ಮಾಡುತ್ತಿದೆ! ಮಾಡಿದವರು ಯಾರು, ಹೇಗೆ ಮಾಡಿದರು? ಮೂರ್ತಿ ಹಾಳಾಗಿ ಹೋಗಲಿ ಮಾರಾಯ, ಆ ಪೀಠದ ಅಳತೆ ತೆಗೆಯುವುದಕ್ಕೇ ನನಗೆ ಹತ್ತು ವರ್ಷ ಬೇಕು.

ನಾನು ಪುರಾತತ್ವದವನು, ನೆಲ ಅಗೆಯುವುದೇ ಕೆಲಸ. ಇಂಥ ಸಿನಿಮಾಗಳಿಂದ ನಮ್ಮ ಕೆಲಸದ ಬಗ್ಗೆ ತಪ್ಪು ಕಲ್ಪನೆ ಬಂತಾ ಅಂತ ಆಗಾಗ ಕೇಳುತ್ತಾರೆ. ಹಾವು, ಚಾವಟಿ, ಶಾಪ ಇವು ಯಾವುವೂ ನನಗೆ ತಲೆನೋವಲ್ಲ. ಅದು ಸಿನಿಮಾ ಅಂತ ಮಕ್ಕಳಿಗೂ ಗೊತ್ತು. ಆ ಸಿನಿಮಾ ನೋಡಿಯೇ ಈ ವಿಷಯ ಓದಲು ಬಂದವರು ನನ್ನ ಪರಿಚಯದಲ್ಲೇ ಇದ್ದಾರೆ. ಅಮೆರಿಕದ ಆರ್ಕಿಯಲಾಜಿಕಲ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಆ ಹೀರೋ ಪಾತ್ರ ಮಾಡಿದ ನಟ ಹ್ಯಾರಿಸನ್ ಫೋರ್ಡ್ ಅವರನ್ನು ತನ್ನ ಆಡಳಿತ ಮಂಡಳಿಗೇ ಆರಿಸಿಕೊಂಡಿತು. ಸುಮ್ನೆ ಅಲ್ಲ.

ನನ್ನ ತಕರಾರು ಒಂದೇ. ವಸ್ತು ಕೈಗೆ ಸಿಕ್ಕರೆ ಕೆಲಸ ಮುಗಿಯಿತು ಅನ್ನುವುದು ಈ ಸಿನಿಮಾಗಳ ಲೆಕ್ಕ. ನಮಗೆ ಕೆಲಸ ಶುರುವಾಗುವುದೇ ಅಲ್ಲಿ. ಯಾವ ಪದರದಲ್ಲಿ ಇತ್ತು, ಪಕ್ಕದಲ್ಲಿ ಏನಿತ್ತು, ಮೇಲಿನ ಮಣ್ಣು ಯಾವಾಗ ಬಿತ್ತು? ಇದು ಗೊತ್ತಿಲ್ಲದಿದ್ದರೆ ಆ ವಸ್ತು ಬಾಯಿ ಬಿಡುವುದಿಲ್ಲ. ಚಿನ್ನವನ್ನೇ ತಗೊಳ್ಳಿ. ಒಂದು ಕಾಲದಲ್ಲಿ ಜೀವ ಇದ್ದ ವಸ್ತುವಿನ ಕಾರ್ಬನ್ ಅಳೆದು ವಯಸ್ಸು ಹೇಳುವ ಪರೀಕ್ಷೆ ಇದೆಯಲ್ಲ, ಅದರಿಂದ ಚಿನ್ನದ ವಯಸ್ಸು ಹೇಳಲು ಆಗುವುದಿಲ್ಲ, ಚಿನ್ನದಲ್ಲಿ ಕಾರ್ಬನ್ನೇ ಇಲ್ಲ. ಅದೇ ಪದರದಲ್ಲಿ ಸಿಕ್ಕ ಸುಟ್ಟು ಕರಕಲಾದ ಒಂದು ಕಾಳು ಅದರ ಕಾಲ ಹೇಳಬೇಕು. ಇದ್ದಿಲಿಗಿಂತ ಕಾಳು ವಾಸಿ. ಯಾಕೆಂದರೆ ಇದ್ದಿಲಾದ ಮರ ಸುಡುವ ಮೊದಲೇ ನೂರಿನ್ನೂರು ವರ್ಷ ಬೆಳೆದಿರಬಹುದು, ಕಾಳು ಒಂದೇ ವರ್ಷದ ಬೆಳೆ. ಮೂರ್ತಿ ಎತ್ತಿಕೊಂಡು ಓಡಿದವನ ಕಾಲಡಿ ಇಂಥ ಎಷ್ಟು ಕಾಳು ಪುಡಿಯಾದವೋ.

ನಿಜವಾಗಿ ಚಿನ್ನ ಸಿಕ್ಕ ಕಡೆ ಏನಾಯಿತು ನೋಡಿ. 1922ರಲ್ಲಿ ಹೊವಾರ್ಡ್ ಕಾರ್ಟರ್ ತಂಡ ಈಜಿಪ್ಟಿನಲ್ಲಿ ಪ್ರಾಚೀನ ರಾಜ ಟೂಟಾಂಖಾಮುನ್‌ನ ಸಮಾಧಿ ಕಂಡುಹಿಡಿಯಿತು. ಒಳಗೆ 5,000ಕ್ಕೂ ಜಾಸ್ತಿ ವಸ್ತುಗಳಿದ್ದವು. ಒಂದೊಂದಕ್ಕೂ ನಂಬರು, ಫೋಟೊ, ಟಿಪ್ಪಣಿ. ಖಾಲಿ ಮಾಡಲು ಸುಮಾರು 10 ವರ್ಷ ಹಿಡಿಯಿತು. ಜನರಿಗೆ ನೆನಪಿರುವುದು ಚಿನ್ನದ ಮುಖವಾಡ. ಆದರೆ ಶವಪೆಟ್ಟಿಗೆಯಲ್ಲಿ ಒಣಗಿದ ಹೂವಿನ ಹಾರಗಳೂ ಇದ್ದವು. ಆ ಹೂಗಳು ಯಾವಾಗ ಅರಳುತ್ತವೆ ಅಂತ ನೋಡಿ, ರಾಜನನ್ನು ಮಣ್ಣು ಮಾಡಿದ್ದು ಮಾರ್ಚ್–ಏಪ್ರಿಲ್ ಹೊತ್ತಿಗೆ ಅಂತ ಅಂದಾಜು ಮಾಡಿದರು. ಅವಸರದಲ್ಲಿ ಎತ್ತಿದ್ದರೆ ಆ ಹೂವು ಉಳಿಯುತ್ತಿತ್ತಾ?

ಕೆಲವೊಮ್ಮೆ ಅಗೆಯದೇ ಇರುವುದೂ ನಮ್ಮ ಕೆಲಸವೇ. ಚೀನಾದ ಷಿಯಾನ್ ಹತ್ತಿರ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರು ಸಿಕ್ಕರಲ್ಲ, ಅವರ ಮೈಮೇಲೆ ಬಣ್ಣ ಇತ್ತು. ಒಣ ಗಾಳಿ ತಾಗಿದ ನಿಮಿಷಗಳಲ್ಲೇ ಅದು ಸುರುಳಿಯಾಗಿ ಉದುರುತ್ತಿತ್ತು. ಆ ಸೈನಿಕರನ್ನು ಯಾರಿಗಾಗಿ ಮಾಡಿದರೋ ಆ ಚಕ್ರವರ್ತಿ ಚಿನ್ ಷಿ ಹುವಾಂಗ್‌ನ ಸಮಾಧಿ ಹತ್ತಿರದಲ್ಲೇ ಇದೆ, ಅದನ್ನು ಇನ್ನೂ ತೆರೆದಿಲ್ಲ. ಒಮ್ಮೆ ಅಗೆದ ಜಾಗವನ್ನು ಮತ್ತೆ ಅಗೆಯಲು ಆಗಲ್ಲ ಅಲ್ವಾ? ಇಂಥದ್ದನ್ನು ಸಿನಿಮಾ ಮಾಡಿದರೆ ಯಾರೂ ನೋಡಲ್ಲ, ಒಪ್ಪುತ್ತೇನೆ.

ಒಮ್ಮೆ ನಾವು ಅಗೆಯುತ್ತಿದ್ದ ಕಡೆ ಶಾಲೆ ಹುಡುಗನೊಬ್ಬ ಬಂದು ಗುಂಡಿಯ ಅಂಚಿನಲ್ಲಿ ನಿಂತ. "ಏನ್ ಸಿಕ್ತು ಸರ್?" ಅಂದ. ನೆಲದ ಮೇಲಿದ್ದ ಕಪ್ಪು ಕಲೆ ತೋರಿಸಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ದುಂಡಗಿತ್ತು.

"ಇದು ಬರೀ ಮಣ್ಣಲ್ವಾ?"

ಮಣ್ಣೇ. ಆದರೆ ಅಲ್ಲೊಂದು ಮರದ ಕಂಬ ನಿಂತಿತ್ತು. ಕಂಬ ಕೊಳೆತು, ಆ ಜಾಗದಲ್ಲಿ ಬೇರೆ ಬಣ್ಣದ ಮೆತ್ತನೆ ಮಣ್ಣು ತುಂಬಿಕೊಂಡಿತು. ಕರಣೆಯಿಂದ ನೆಲ ಹಗುರವಾಗಿ ಕೆರೆದು ನೀರು ಚಿಮುಕಿಸಿದೆ. ಕಲೆಯ ಅಂಚು ಎದ್ದು ಕಂಡಿತು. ಅಂಥವೇ ಇನ್ನೂ ಆರು ಇದ್ದವು, ಬಾಗಿದ ಸಾಲಿನಲ್ಲಿ. ಹುಡುಗ ಗಾಳಿಯಲ್ಲಿ ಬೆರಳಾಡಿಸಿ ಒಂದಕ್ಕೊಂದು ಸೇರಿಸಿದ. ದುಂಡಗಿನ ಮನೆ ಅಂತ ಅವನೇ ಹೇಳಿದ. ಆಮೇಲೆ, "ಹಂಗಾದ್ರೆ ಬಾಗ್ಲು ಎಲ್ಲಿತ್ತು?"

ಅವತ್ತು ಬೆಳಗ್ಗೆಯಿಂದ ನಾವು ತಲೆ ಕೆಡಿಸಿಕೊಂಡಿದ್ದೂ ಅದಕ್ಕೇ. ಸಾಲು ಮುಗಿಯುವ ಕಡೆ ಸೊಂಟದಾಳದ ಹಳ್ಳ ಇತ್ತು. ನಾವು ಬರುವ ಮೊದಲೇ ನಿಧಿಗಳ್ಳರು ಬಗೆದಿದ್ದು. ಅಲ್ಲಿ ಕಲೆಯೂ ಇಲ್ಲ, ಪದರವೂ ಇಲ್ಲ, ಎಲ್ಲಾ ಕಲಸಿ ಹೋಗಿತ್ತು. ಹುಡುಗನಿಗೆ ಆ ಹಳ್ಳ ತೋರಿಸಿದೆ.