ಕ್ಯಾಲ್ಸಿಯಂ ಕೊಟ್ಟರೂ ಗೋಸುಂಬೆಯ ಕಾಲು ಸೊಟ್ಟಗಾಗುವುದೇಕೆ?

"ಕೊಂಬೆಯಿಂದ ಬಿದ್ದು ಕಾಲು ಮುರ್ಕೊಂಡಿದೆ ಡಾಕ್ಟ್ರೇ" ಎಂದು ಗೋಸುಂಬೆಯನ್ನು ತರುವವರು ಬಹಳ ಜನ. ಆದರೆ ಸಾಮಾನ್ಯವಾಗಿ ಅದು ಬಿದ್ದಿದ್ದರಿಂದ ಕಾಲು ಮುರಿದಿರುವುದಿಲ್ಲ. ಮೂಳೆ ಮೊದಲೇ ಮೆತ್ತಗಾಗಿ, ಹಿಡಿತ ತಪ್ಪಿ, ಆಮೇಲೆ ಬಿದ್ದಿರುತ್ತದೆ. ಎಕ್ಸ್‌ರೇ ತೆಗೆದರೆ ಬೆಳ್ಳಗೆ ಕಾಣಬೇಕಾದ ಮೂಳೆಯ ಅಂಚು ಮಂಕಾಗಿರುತ್ತದೆ. ಹಳೆಯ ಮುರಿತಗಳೂ ಒಂದೆರಡು ಕಾಣಿಸುತ್ತವೆ.

ಇದಕ್ಕೆ ನಾವು ಮೆಟಬಾಲಿಕ್ ಬೋನ್ ಡಿಸೀಸ್, ಚಿಕ್ಕದಾಗಿ ಎಂಬಿಡಿ ಅನ್ನುತ್ತೇವೆ. ಮನೆಗಳಲ್ಲಿ ಸಾಕುವುದು ಹೆಚ್ಚಾಗಿ ಯೆಮೆನ್ ಕಡೆಯ ವೇಲ್ಡ್ ಗೋಸುಂಬೆ ಮತ್ತು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆ. ನಮ್ಮ ಬೇಲಿ, ಹೊಲಗಳಲ್ಲಿ ಕಾಣುವ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಜಾತಿಗಳನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಮುರಿತದ ವಿಷಯ ಹೇಳಿದ ಕೂಡಲೇ ಬರುವ ಮಾತು, "ಕ್ಯಾಲ್ಸಿಯಂ ಪುಡಿ ಹಾಕ್ತಾನೇ ಇದ್ದೀವಲ್ಲ!" ಹಾಕುತ್ತಿರುವುದು ನಿಜವೇ. ಪುಡಿ ಹೊಟ್ಟೆಗೂ ಹೋಗಿರುತ್ತದೆ. ಆದರೆ ಅದರ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಹೋಗಲು ವಿಟಮಿನ್ ಡಿ3 ಬೇಕು. ಗೋಸುಂಬೆ ಅದನ್ನು ಚರ್ಮದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಯುವಿಬಿ ಕಿರಣ, ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ, ಬೀಳಬೇಕು, ಮೈಯೂ ಬೆಚ್ಚಗಿರಬೇಕು. ಬೆಳಕಿಲ್ಲದಿದ್ದರೆ ಪುಡಿಯ ಬಹುಪಾಲು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ, ಅಷ್ಟೇ.

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯ, ಸ್ನಾಯು ಯಾವುದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಒದಗಿಸುತ್ತದೆ. ಖಾಲಿಯಾದ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ರೋಗ ಬಲಿಯುವವರೆಗೂ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣಿಸಬಹುದು. ರಿಪೋರ್ಟ್ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ.

ಈಗ ದೀಪದ ವಿಷಯ. ನಾನು ಅತಿ ಹೆಚ್ಚು ಸಮಯ ಮಾತಾಡುವುದು ಇದರ ಬಗ್ಗೆಯೇ. "ಕಿಟಕಿ ಪಕ್ಕದಲ್ಲೇ ಇಟ್ಟಿದ್ದೀವಿ, ಬಿಸಿಲು ಚೆನ್ನಾಗಿ ಬರುತ್ತೆ" ಅನ್ನುತ್ತಾರೆ. ಕಿಟಕಿಯ ಗಾಜು ಬೆಳಕು, ಶಾಖ ಎರಡನ್ನೂ ಬಿಡುತ್ತದೆ, ಯುವಿಬಿಯನ್ನು ಮಾತ್ರ ತಡೆಯುತ್ತದೆ. ಬಿಸಿ ಕೊಡುವ ಸಾಮಾನ್ಯ ಬಲ್ಬಿನಲ್ಲೂ ಯುವಿಬಿ ಇಲ್ಲ. ಯುವಿಬಿ ಟ್ಯೂಬ್ ಕೊಂಡವರಲ್ಲೂ ಕೆಲವರು ಅದಕ್ಕೂ ಗೋಸುಂಬೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟಿರುತ್ತಾರೆ. ಸಣ್ಣ ಕಣ್ಣಿನ ಜಾಲರಿಯೂ ಒಂದಷ್ಟು ಕಿರಣ ಕಡಿಮೆ ಮಾಡುತ್ತದೆ. ದೀಪ ದೂರವಾದಷ್ಟೂ ಬಲ ಇಳಿಯುತ್ತದೆ. ಇನ್ನೊಂದು, ಟ್ಯೂಬ್ ಹಳೆಯದಾದರೂ ಕಣ್ಣಿಗೆ ಮೊದಲಿನ ಹಾಗೇ ಉರಿಯುತ್ತಿರುತ್ತದೆ, ಒಳಗಿನ ಯುವಿಬಿ ಕ್ಷೀಣಿಸಿರುತ್ತದೆ. ಟಿ5 ಅನ್ನುವ ತೆಳ್ಳನೆಯ ಉದ್ದ ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸಿ, ಸುರುಳಿಯಾಕಾರದ ಬಲ್ಬಾದರೆ 6 ತಿಂಗಳಿಗೆ. ವೇಲ್ಡ್, ಪ್ಯಾಂಥರ್ ಎರಡಕ್ಕೂ ಕೂರುವ ಕೊಂಬೆಯ ಮಟ್ಟದಲ್ಲಿ ಯುವಿ ಇಂಡೆಕ್ಸ್ (ನೇರಳಾತೀತ ಕಿರಣದ ಬಲದ ಅಳತೆ) 3ರ ಆಸುಪಾಸು ಇದ್ದರೆ ಒಳ್ಳೆಯದು. ಅಳೆಯುವ ಮೀಟರ್ ದುಬಾರಿ, ನಾಲ್ಕು ಜನ ಸೇರಿ ಒಂದು ಕೊಂಡರೂ ಸಾಕು.

ಬೆಂಗಳೂರಿನಂಥ ಊರಿನಲ್ಲಿ ಬೆಳಗಿನ ನೇರ ಬಿಸಿಲೂ ಇದೆ. ಜಾಲರಿ ಗೂಡಿನಲ್ಲಿಟ್ಟು, ಒಂದು ಕಡೆ ಎಲೆಯ ನೆರಳು ಮಾಡಿ, ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಬೆಂದುಹೋಗುತ್ತದೆ.

ಆಹಾರದಲ್ಲಿ ಸಮಸ್ಯೆ ಹುಳುಗಳದ್ದೇ. ಕ್ಯಾಲ್ಸಿಯಂ ಫಾಸ್ಫರಸ್‌ನ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಚಿಮ್ಮಂಡೆ, ಮೀಲ್‌ವರ್ಮ್‌ಗಳಲ್ಲಿ ಪೂರ್ತಿ ಉಲ್ಟಾ, ಫಾಸ್ಫರಸ್ಸೇ ಹಲವು ಪಟ್ಟು ಜಾಸ್ತಿ. ಅದಕ್ಕೇ ಪುಡಿ. ತಿನ್ನಿಸುವ ಮುಂಚೆಯಷ್ಟೇ ಹುಳುಗಳ ಮೇಲೆ ಉದುರಿಸಿ, ತಡ ಮಾಡಿದರೆ ಚಿಮ್ಮಂಡೆಗಳು ಮೈ ಒರೆಸಿಕೊಂಡುಬಿಡುತ್ತವೆ. ಹುಳುಗಳಿಗೂ ಹಿಂದಿನ ದಿನ ನುಗ್ಗೆ ಸೊಪ್ಪು ಹಾಕಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಡಿ3 ಇಲ್ಲದ ಸಾದಾ ಪುಡಿ ಹೆಚ್ಚುಕಡಿಮೆ ಪ್ರತಿ ಊಟಕ್ಕೂ, ಡಿ3 ಇರುವುದು ತಿಂಗಳಿಗೆ ಎರಡು ಸಲ. ದಿನಾ ಡಿ3 ಕೊಟ್ಟರೆ ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕೂರುತ್ತದೆ. ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಮರಿಗಳಲ್ಲಿ ರೋಗ ಬೇಗ ಬರುತ್ತದೆ, ಯಾಕೆಂದರೆ ಅವು ಒಂದು ವರ್ಷದೊಳಗೇ ದೊಡ್ಡವಾಗಿಬಿಡುತ್ತವೆ. ಹೆಣ್ಣು ವೇಲ್ಡ್ ಗೋಸುಂಬೆ ಗಂಡಿಲ್ಲದೆಯೂ ಹತ್ತಾರು ಮೊಟ್ಟೆ ಇಡುತ್ತದೆ. ಆಗ ಕ್ಯಾಲ್ಸಿಯಂ ಸಾಲದಿದ್ದರೆ ಮೊಟ್ಟೆ ಹೊರಗೆ ಬರದೆ ಪ್ರಾಣಕ್ಕೇ ಕುತ್ತು.

ಮೊದಲ ಸೂಚನೆ ನಾಲಿಗೆ ಮತ್ತು ಹಿಡಿತದಲ್ಲಿರುತ್ತದೆ. ನಾಲಿಗೆ ಗುರಿ ಮುಟ್ಟುವುದಿಲ್ಲ, ಅರ್ಧಕ್ಕೇ ಬೀಳುತ್ತದೆ. ಕೊಂಬೆ ಬಿಟ್ಟು ತನ್ನ ಕಾಲನ್ನೇ ಹಿಡಿದುಕೊಳ್ಳುತ್ತದೆ. ಬೆರಳು ನಡುಗುತ್ತದೆ. ಮುಂಗಾಲು ಬಿಲ್ಲಿನಂತೆ ಬಾಗುವುದು, ದವಡೆ ಮೆತ್ತಗಾಗುವುದು ಆಮೇಲಿನ ಮಾತು. ಈ ಹಂತದಲ್ಲಿ ದವಡೆಯನ್ನು ಒತ್ತಿ ನೋಡಬೇಡಿ, ಬಾಯಿ ಬಲವಂತವಾಗಿ ತೆರೆಯಲೂ ಬೇಡಿ, ಮುರಿಯುತ್ತದೆ.

ಚಿಕಿತ್ಸೆ ವಾರಗಳಲ್ಲ, ತಿಂಗಳುಗಳ ಕೆಲಸ. ನಡುಕ ಇದ್ದರೆ ಮೊದಲು ಕ್ಯಾಲ್ಸಿಯಂ ಇಂಜೆಕ್ಷನ್, ಆಮೇಲೆ ಬಾಯಿಗೆ ಸಿರಪ್, ಜೊತೆಗೆ ಸರಿಯಾದ ಬೆಳಕು ಮತ್ತು ಶಾಖ. ಬಾಗಿದ ಮೂಳೆ ಗಟ್ಟಿಯಾಗುತ್ತದೆ, ನೆಟ್ಟಗಾಗುವುದಿಲ್ಲ. ಆದರೂ ಸೊಟ್ಟಗಾಲಲ್ಲೇ ಕೊಂಬೆ ಹತ್ತಿ, ಬೇಟೆಯಾಡಿ ಬದುಕುವ ಗೋಸುಂಬೆಗಳಿವೆ. ಮೂಳೆ ಗಟ್ಟಿಯಾಗುವವರೆಗೆ ಕೊಂಬೆಗಳನ್ನು ತಗ್ಗಿಸಿ, ತಳಕ್ಕೆ ಮೆತ್ತನೆ ಬಟ್ಟೆ ಹಾಕಿಡಿ. ವೈದ್ಯರ ಹತ್ತಿರ ಬರುವಾಗ ಗೂಡಿನ ಫೋಟೋ, ದೀಪದ ಡಬ್ಬಿ, ನೀವು ಹಾಕುವ ಪುಡಿಯ ಬಾಟಲಿ ಮೂರನ್ನೂ ತನ್ನಿ.