ಡಿಸೆಂಬರ್ ರಜೆಯಲ್ಲಿ ಕೆನಡಾ ಪೂರ್ತಿ ನೋಡಬಹುದಾ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಮಗೆ 12 ದಿನ ರಜೆ ಸಿಗುತ್ತದೆ. ಟೊರಾಂಟೊದಲ್ಲಿ ಇಳಿದು, ಬಾಡಿಗೆ ಕಾರು ತೆಗೆದುಕೊಂಡು ನಯಾಗರಾ, ಮಾಂಟ್ರಿಯಲ್, ಬ್ಯಾನ್ಫ್, ವ್ಯಾಂಕೂವರ್ ಎಲ್ಲವನ್ನೂ ನೋಡಿ ಬರುವ ಆಸೆ. ಆಗುತ್ತಾ? ಅಲ್ಲಿನ ಚಳಿ ತಡೆದುಕೊಳ್ಳಬಹುದಾ?

ಉತ್ತರ: ಚಳಿ ತಡೆದುಕೊಳ್ಳಬಹುದು. ಎಲ್ಲವನ್ನೂ ನೋಡುವುದು ಮಾತ್ರ ಆಗುವುದಿಲ್ಲ. 12 ದಿನಕ್ಕೆ ಕೆನಡಾದ ಒಂದು ಮೂಲೆ ಸಿಗುತ್ತದೆ. ಯಾವ ಮೂಲೆ ಅನ್ನುವುದನ್ನು ನೀವು ಹೋಗುವ ತಿಂಗಳೇ ಹೇಳುತ್ತದೆ. ತುಂಬಾ ಜನ ಮೊದಲು ಊರುಗಳ ಪಟ್ಟಿ ಮಾಡಿ, ಆಮೇಲೆ ತಾರೀಖು ಹುಡುಕುತ್ತಾರೆ. ಈ ದೇಶಕ್ಕೆ ಆ ಲೆಕ್ಕ ನಡೆಯುವುದಿಲ್ಲ.

ಮೊದಲು ದೂರದ ಮಾತು. ಕೆನಡಾದ ವಿಸ್ತೀರ್ಣ ಸುಮಾರು 99.8 ಲಕ್ಷ ಚದರ ಕಿಲೋಮೀಟರ್. ರಷ್ಯಾ ಬಿಟ್ಟರೆ ಇದಕ್ಕಿಂತ ದೊಡ್ಡ ದೇಶ ಇಲ್ಲ. ಇಷ್ಟು ಹೇಳಿದರೆ ದೂರ ಮನಸ್ಸಿಗೆ ಇಳಿಯುವುದಿಲ್ಲ, ಅಲ್ವಾ? ಹೀಗೆ ನೋಡಿ. ನಸುಕಿನಲ್ಲೇ ಟೊರಾಂಟೊ ಬಿಟ್ಟು ಪಶ್ಚಿಮಕ್ಕೆ ಹೊರಟಿರಿ ಅಂದುಕೊಳ್ಳಿ. ಸುಮಾರು 15 ಗಂಟೆ ಕಾರು ಓಡಿಸಿ, 1,400 ಕಿಲೋಮೀಟರ್ ದಾಟಿ ಥಂಡರ್ ಬೇ ಮುಟ್ಟುತ್ತೀರಿ. ಅಷ್ಟಾದರೂ ಒಂಟಾರಿಯೊ ಪ್ರಾಂತ್ಯವೇ ಮುಗಿದಿರುವುದಿಲ್ಲ. ವ್ಯಾಂಕೂವರ್ ಅಲ್ಲಿಂದ ಇನ್ನೂ 3,000 ಕಿಲೋಮೀಟರ್ ದೂರ. ಪೂರ್ವದ ತುದಿಯಲ್ಲಿರುವ ಸೇಂಟ್ ಜಾನ್ಸ್ ಊರಿಗಂತೂ ವ್ಯಾಂಕೂವರ್‌ಗಿಂತ ಲಂಡನ್ನೇ ಹತ್ತಿರ. ಟೊರಾಂಟೊದಿಂದ ವ್ಯಾಂಕೂವರ್‌ಗೆ ರೈಲಿದೆ, ದಾರಿಯೂ ಬಹಳ ಚೆಂದ. ಆದರೆ ನಾಲ್ಕು ರಾತ್ರಿ ಹಿಡಿಯುತ್ತದೆ, ತಡವಾಗುವುದೂ ಸಾಮಾನ್ಯ. ವಿಮಾನದಲ್ಲೇ ಸುಮಾರು 5 ಗಂಟೆ ಬೇಕು.

ಈ ದೂರದ ಮೇಲೆ ಚಳಿಗಾಲವೂ ಸೇರಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಟೊರಾಂಟೊದಲ್ಲಿ ಹಗಲು 9 ಗಂಟೆಯಷ್ಟೇ. ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೇಸಿಗೆಯಲ್ಲಿ ಐದಾರು ಗಂಟೆಯಲ್ಲಿ ಮುಗಿಯುವ ದಾರಿ ಹಿಮ ಸುರಿಯುವಾಗ ಇಡೀ ದಿನ ತಿನ್ನಬಹುದು. ಹಾಗಾಗಿ ಚಳಿಗಾಲದ ಯೋಜನೆಯಲ್ಲಿ ಕಿಲೋಮೀಟರ್ ಎಣಿಸಬೇಡಿ. ಬೆಳಕಿರುವ ಗಂಟೆಗಳನ್ನು ಎಣಿಸಿ.

ಚಳಿಯೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ವ್ಯಾಂಕೂವರ್ ಸಮುದ್ರದ ಪಕ್ಕದಲ್ಲಿದೆ. ಜನವರಿಯಲ್ಲೂ ಅಲ್ಲಿ ಹೆಚ್ಚಾಗಿ ಬರುವುದು ಮಳೆಯೇ, ಉಷ್ಣಾಂಶ ಸೊನ್ನೆಗಿಂತ ಸ್ವಲ್ಪ ಮೇಲೇ ಇರುತ್ತದೆ. ದೇಶದ ನಡುವಿನ ವಿನ್ನಿಪೆಗ್‌ನಲ್ಲಿ ಜನವರಿ ರಾತ್ರಿ ಮೈನಸ್ 20 ಮಾಮೂಲು. ಪೆಸಿಫಿಕ್ ಸಾಗರದ ಬೆಚ್ಚಗಿನ ಗಾಳಿಯನ್ನು ರಾಕಿ ಪರ್ವತಗಳು ತಡೆಯುತ್ತವೆ. ಉತ್ತರದ ಆರ್ಕ್‌ಟಿಕ್ ಗಾಳಿಗೆ ಮಾತ್ರ ಅಡ್ಡ ನಿಲ್ಲುವ ಬೆಟ್ಟವೇ ಇಲ್ಲ, ಬಯಲಿನ ಮೇಲೆ ಸೀದಾ ನುಗ್ಗಿ ಬರುತ್ತದೆ. ದೇಶದ ವಾಯವ್ಯ ತುದಿಯ ಯೂಕಾನ್‌ನ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರವರಿ 3ರಂದು ಮೈನಸ್ 63 ಡಿಗ್ರಿ ದಾಖಲಾಗಿತ್ತು. ಹೆದರಬೇಡಿ, ನಿಮ್ಮ ಪಟ್ಟಿಯ ಯಾವ ಊರಲ್ಲೂ ಅಂಥ ಚಳಿ ಇಲ್ಲ.

ಈಗ ನಿಮ್ಮ ತಾರೀಖಿನ ವಿಷಯ. ನೇರವಾಗಿ ಹೇಳುತ್ತೇನೆ, ಡಿಸೆಂಬರ್ ಕೊನೆ ಅಷ್ಟು ಒಳ್ಳೆಯ ಸಮಯವಲ್ಲ. ಹಗಲು ತೀರಾ ಚಿಕ್ಕದು, ಟಿಕೆಟ್ ಮತ್ತು ಹೋಟೆಲ್ ದುಬಾರಿ, ಕ್ರಿಸ್‌ಮಸ್ ದಿನ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಇಷ್ಟೆಲ್ಲ ಇದ್ದರೂ ಚಳಿಗಾಲದ ನಿಜವಾದ ಸಂಭ್ರಮ ಆಗಿನ್ನೂ ಶುರುವಾಗಿರುವುದಿಲ್ಲ. ಒಟ್ಟಾವಾದ ರಿಡೋ ಕಾಲುವೆ ಹೆಪ್ಪುಗಟ್ಟಿ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ಹಾದಿಯಾಗುವುದು ಸಾಮಾನ್ಯವಾಗಿ ಜನವರಿಯಲ್ಲಿ. 2023ರಲ್ಲಿ ಐಸ್ ಸಾಕಷ್ಟು ಗಟ್ಟಿಯಾಗದೆ ಅದು ತೆರೆಯಲೇ ಇಲ್ಲ. ಕ್ವಿಬೆಕ್ ನಗರದ ಹತ್ತಿರ ಹಿಮ ಮತ್ತು ಐಸ್‌ನಿಂದಲೇ ಕಟ್ಟುವ ಐಸ್ ಹೋಟೆಲ್ ಜನವರಿಯಲ್ಲಿ ತೆರೆಯುತ್ತದೆ. ಆ ನಗರದ ಚಳಿಗಾಲದ ಕಾರ್ನಿವಲ್ ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ನಡೆಯುತ್ತದೆ. ರಜೆಯನ್ನು ಫೆಬ್ರವರಿಗೆ ತಳ್ಳಲು ಆದರೆ ದಯವಿಟ್ಟು ತಳ್ಳಿ. ಚಳಿ ಕಡಿಮೆಯೇನೂ ಆಗಿರುವುದಿಲ್ಲ, ಆದರೆ ಡಿಸೆಂಬರ್‌ಗಿಂತ ಒಂದು ಗಂಟೆಗೂ ಹೆಚ್ಚು ಹಗಲು ಜಾಸ್ತಿ ಸಿಗುತ್ತದೆ.

ಆಗದಿದ್ದರೆ ಡಿಸೆಂಬರ್‌ನಲ್ಲೇ ಹೋಗಿ, ಆದರೆ ಪೂರ್ವದ ಮೂಲೆಯಲ್ಲೇ ಇರಿ. ಟೊರಾಂಟೊ, ನಯಾಗರಾ, ಮಾಂಟ್ರಿಯಲ್, ಕ್ವಿಬೆಕ್ ನಗರ ಇಷ್ಟು ಸಾಕು. ಟೊರಾಂಟೊದಿಂದ ಮಾಂಟ್ರಿಯಲ್‌ಗೆ ರೈಲಿನಲ್ಲಿ 5 ಗಂಟೆಗೆ ಸ್ವಲ್ಪ ಜಾಸ್ತಿ, ಅಲ್ಲಿಂದ ಕ್ವಿಬೆಕ್‌ಗೆ ಮೂರು ಗಂಟೆ ಚಿಲ್ಲರೆ. ಕಾರು ಬೇಕಾಗುವುದೇ ಇಲ್ಲ. ಮಾಂಟ್ರಿಯಲ್‌ನಲ್ಲಿ ನೆಲದಡಿ 30 ಕಿಲೋಮೀಟರಿಗೂ ಹೆಚ್ಚು ಉದ್ದದ ದಾರಿಗಳ ಜಾಲ ಇದೆ. ಮೆಟ್ರೊ, ಅಂಗಡಿ, ಆಫೀಸು, ಹೋಟೆಲ್ ಎಲ್ಲಕ್ಕೂ ಒಳಗಿಂದಲೇ ನಡೆದು ಹೋಗಬಹುದು. ನಯಾಗರಾದಲ್ಲಿ ಚಳಿಗಾಲದಲ್ಲಿ ದೋಣಿ ಇರುವುದಿಲ್ಲ. ಆದರೆ ಜಲಪಾತದ ಹನಿಗಳು ಸುತ್ತಲಿನ ಮರ, ಕಂಬಿಗಳ ಮೇಲೆ ಹೆಪ್ಪುಗಟ್ಟಿ ಗಾಜಿನಂತೆ ಹೊಳೆಯುತ್ತವೆ. ಅದನ್ನು ಬೇಸಿಗೆಯಲ್ಲಿ ಹೋದವರು ನೋಡಲಾರರು.

ಬ್ಯಾನ್ಫ್‌ಗೆ ಬೇರೆಯೇ ಪ್ರವಾಸ ಮಾಡಿ, ಅದು ಪಶ್ಚಿಮದ ರಾಕಿ ಪರ್ವತಗಳಲ್ಲಿದೆ. ಫೋಟೊಗಳಲ್ಲಿ ನೋಡುವ ಆ ಹಸಿರುನೀಲಿ ಸರೋವರಗಳಿಗಾಗಿ ತಾನೆ ಅಲ್ಲಿಗೆ ಹೋಗುವುದು? ಹಿಮನದಿಗಳು ಬಂಡೆಯನ್ನು ಅರೆದು ಹಿಟ್ಟಿನಂಥ ಪುಡಿ ಮಾಡುತ್ತವೆ. ಕರಗಿದ ನೀರಿನ ಜೊತೆ ಅದು ಬಂದು ಸೇರುವುದರಿಂದಲೇ ಆ ಬಣ್ಣ. ಅಲ್ಲಿನ ಲೇಕ್ ಲೂಯಿಸ್ ಸರೋವರ ಮೇ ಕೊನೆ ಅಥವಾ ಜೂನ್ ಮೊದಲ ವಾರದವರೆಗೂ ಹೆಪ್ಪುಗಟ್ಟಿಯೇ ಇರುತ್ತದೆ. ಮೇ ತಿಂಗಳಲ್ಲಿ ಹೋಗಿ ಬರೀ ಬಿಳಿ ಐಸ್ ನೋಡಿ ಬೇಸರಪಟ್ಟವರು ಎಷ್ಟೋ ಜನ. ಹತ್ತಿರದ ಇನ್ನೊಂದು ಸರೋವರ ಮೊರೇನ್ ಲೇಕ್‌ಗೆ ಹೋಗುವ ರಸ್ತೆ ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. 2023ರಿಂದ ಅಲ್ಲಿಗೆ ಸ್ವಂತ ಕಾರು ಬಿಡುವುದಿಲ್ಲ. ಶಟಲ್ ಬಸ್ಸಿಗೆ ಮೊದಲೇ ಸೀಟು ಕಾದಿರಿಸಬೇಕು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೂರನೇ ವಾರ. ಆಗ ಅಲ್ಲಿನ ಲಾರ್ಚ್ ಮರಗಳು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತವೆ.

ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಬಣ್ಣಬಣ್ಣವಾಗಿ ಆಡುವ ಅರೋರಾ, ನೋಡುವ ಆಸೆಯಿದ್ದರೆ ದೂರದ ಉತ್ತರದಲ್ಲಿರುವ ಯೆಲ್ಲೋನೈಫ್‌ಗೆ ಹೋಗಬೇಕು. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ, ಮೋಡ ಕವಿದರೆ ಒಂದೇ ರಾತ್ರಿಯಲ್ಲಿ ಏನೂ ಕಾಣದು. ಅದಕ್ಕೂ ಡಿಸೆಂಬರ್‌ಗಿಂತ ಮಾರ್ಚ್ ವಾಸಿ.

ಚಳಿ ತಡೆಯುವ ಬಗ್ಗೆ ಕೇಳಿದ್ದೀರಿ. ಹವಾಮಾನ ವರದಿಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ಉಷ್ಣಾಂಶ, ಇನ್ನೊಂದು ಗಾಳಿ ಸೇರಿದಾಗ ಮೈಗೆ ಆಗುವ ಅನುಭವ. ಮೈನಸ್ 15 ಇದ್ದು, ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 26. ಎರಡನೇ ಅಂಕಿಯನ್ನೇ ನಂಬಿ. ಅದು ಮೈನಸ್ 28ಕ್ಕಿಂತ ಕೆಳಗಿಳಿದರೆ, ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲೇ ಹೆಪ್ಪುಗಟ್ಟಬಹುದು. ಮೂಗು, ಕಿವಿ, ಬೆರಳ ತುದಿ ಮೊದಲು ಬಿಳಿಚಿಕೊಂಡು ಜೋಮು ಹಿಡಿಯುತ್ತವೆ. ಆ ಕ್ಷಣವೇ ಒಳಗೆ ಹೋಗಿ. ಉಜ್ಜಬೇಡಿ.

ಒಂದು ದಪ್ಪ ಕೋಟಿಗಿಂತ ಮೂರು ಪದರ ಮೇಲು. ಮೈಗೆ ತಾಗುವಂತೆ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್ ಎಂಬ ಮೃದುವಾದ ಬೆಚ್ಚನೆ ಬಟ್ಟೆ, ಹೊರಗೆ ಗಾಳಿ ತಡೆಯುವ ಜಾಕೆಟ್. ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ. ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ತಕ್ಷಣ ಮೈ ಕೊರೆಯುತ್ತದೆ. ಬೂಟಿನೊಳಗೆ ಕಾಲ್ಬೆರಳು ಆಡಿಸುವಷ್ಟು ಜಾಗ ಇರಲಿ. ಎರಡು ಜೊತೆ ಸಾಕ್ಸ್ ತುರುಕಿ ಬಿಗಿ ಮಾಡಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ನಾಲ್ಕು ಬೆರಳೂ ಒಟ್ಟಿಗೆ ಸೇರುವ ಗ್ಲೌಸ್ ಜಾಸ್ತಿ ಬೆಚ್ಚಗಿರುತ್ತದೆ. ಫೋನಿನ ಚಾರ್ಜ್ ಚಳಿಗೆ ಬೇಗ ಇಳಿಯುತ್ತದೆ, ಅದನ್ನು ಒಳಜೇಬಿನಲ್ಲಿಡಿ. ಮನೆಯೊಳಗಿನ ಹೀಟರ್ ಗಾಳಿ ತುಂಬಾ ಒಣ. ತುಟಿ ಒಡೆಯುತ್ತದೆ, ಕೆಲವರಿಗೆ ಮೂಗಿನಿಂದ ರಕ್ತವೂ ಬರುತ್ತದೆ. ನೀರು ಕುಡಿಯುತ್ತಿರಿ.

ಇಷ್ಟಾದರೂ ಕಾರು ಬೇಕೇ ಬೇಕು ಅನಿಸಿದರೆ ಟೈರಿನ ಬಗ್ಗೆ ಕೇಳದೆ ಕೀಲಿ ತೆಗೆದುಕೊಳ್ಳಬೇಡಿ. ಕ್ವಿಬೆಕ್ ಪ್ರಾಂತ್ಯದಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಒಂಟಾರಿಯೊದಲ್ಲಿ ಆ ಕಾನೂನು ಇಲ್ಲ. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಕಾರಿನಲ್ಲಿ ಕಂಬಳಿ, ಸಲಿಕೆ, ತಿಂಡಿ ಇರಲಿ. ಹಿಮದಲ್ಲಿ ಸಿಕ್ಕಿಹಾಕಿಕೊಂಡರೆ ಇಳಿದು ನಡೆಯಲು ಹೋಗದೆ ಕಾರಿನಲ್ಲೇ ಇರಿ. ಎಂಜಿನ್ ಹಾಕುವ ಮುಂಚೆ ಹಿಂದಿನ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಲೇಬೇಕು. ಇಲ್ಲದಿದ್ದರೆ ವಿಷಗಾಳಿ ಒಳಗೆ ತುಂಬುತ್ತದೆ. ಇದನ್ನು ಮನೆಯವರಿಗೆಲ್ಲ ಹೇಳಿಟ್ಟಿರಿ.

ದುಡ್ಡಿನ ಲೆಕ್ಕಕ್ಕೆ ಎರಡು ಮಾತು. ಅಂಗಡಿಯಲ್ಲಿ ಬರೆದಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಬಿಲ್ಲಿನಲ್ಲಿ ಒಂಟಾರಿಯೊದಲ್ಲಿ 13%, ಕ್ವಿಬೆಕ್‌ನಲ್ಲಿ 15%ಗೆ ಹತ್ತಿರ ಸೇರುತ್ತದೆ. ಹೋಟೆಲಿನಲ್ಲಿ ಊಟ ಮಾಡಿದರೆ ಅದರ ಮೇಲೆ 15ರಿಂದ 20% ಟಿಪ್ಸ್. ಇನ್ನು, ಪ್ರವಾಸಿಗರ ಆಸ್ಪತ್ರೆ ಖರ್ಚನ್ನು ಅಲ್ಲಿನ ಸರ್ಕಾರ ಭರಿಸುವುದಿಲ್ಲ. ಐಸ್ ಮೇಲೆ ಜಾರಿ ಕೈ ಮುರಿದರೂ ಖರ್ಚು ದೊಡ್ಡದೇ, ಹಾಗಾಗಿ ವಿಮೆ ಇಲ್ಲದೆ ಹೊರಡಬೇಡಿ.

ಟಿಕೆಟ್ ಮಾಡಿಸುವಾಗ ಕೊನೆಯ ಎರಡು ರಾತ್ರಿಗಳನ್ನು ಟೊರಾಂಟೊದಲ್ಲೇ ಇಟ್ಟುಕೊಳ್ಳಿ. ಹಿಮಬಿರುಗಾಳಿ ಬಂದು ಕ್ವಿಬೆಕ್‌ನಿಂದ ಬರುವ ರೈಲು ಒಂದು ದಿನ ನಿಂತರೂ ವಾಪಸ್ ವಿಮಾನ ತಪ್ಪುವುದಿಲ್ಲ. ಬಿರುಗಾಳಿ ಬರದಿದ್ದರೆ ಆ ದಿನ ನಯಾಗರಾಕ್ಕೆ ಹೋಗಿ ಬನ್ನಿ. ಟೊರಾಂಟೊದಿಂದ ಅದು 130 ಕಿಲೋಮೀಟರ್ ಅಷ್ಟೇ.